ಬಯಲಿನಲ್ಲಿ ಕೇಳಿದ್ದು, ಬೆಟ್ಟದಲ್ಲಿ ನಿಂತದ್ದು

ಕಾರಿನಲ್ಲಿ ಕೇಳಿ ಮೆಚ್ಚಿದ ಹಾಡನ್ನು ಎಷ್ಟರಮಟ್ಟಿಗೆ ನಂಬಬಹುದು? ಅಮೆರಿಕಾನಾ ಎಂಬ ಹೆಸರಿನ ಸಂಗೀತಕ್ಕೆ ಈ ಪ್ರಶ್ನೆ ಹಾಕಲೇಬೇಕು. ದಾರಿ, ಬಯಲು, ಊರು ಬಿಟ್ಟ ಮಗ, ಊರಲ್ಲೇ ಉಳಿದ ತಾಯಿ, ಮುರಿದುಬಿದ್ದ ಮದುವೆ ಇವೇ ಅದರ ವಸ್ತು. ಇಂಥ ಹಾಡನ್ನು ಅಂಥದೇ ಬಯಲಿನ ನಡುವೆ ಗಂಟೆಗಟ್ಟಲೆ ಕಾರು ಓಡಿಸುತ್ತ ಕೇಳಿದರೆ ಕಿಟಕಿಯಾಚೆಯ ನೋಟವೂ ಅದರೊಳಗೆ ಸೇರಿಕೊಂಡುಬಿಡುತ್ತದೆ. ಮನಸ್ಸು ತುಂಬಿದ್ದು ಹಾಡಿನಿಂದಲೋ ಬಯಲಿನಿಂದಲೋ ಬಿಡಿಸಿ ಹೇಳುವುದು ಕಷ್ಟ.

ಪ್ರತಿ ಜನವರಿಯ ಆರಂಭದಲ್ಲಿ ಕೊಲರಾಡೊದ ಸ್ಟೀಮ್‌ಬೋಟ್ ಸ್ಪ್ರಿಂಗ್ಸ್ ಎಂಬ ಸ್ಕೀ ಊರಿನಲ್ಲಿ ‘ಮ್ಯೂಸಿಕ್‌ಫೆಸ್ಟ್’ ನಡೆಯುತ್ತದೆ. ಊರು ಕೊಲರಾಡೊದ್ದಾದರೂ ಹಬ್ಬ ಟೆಕ್ಸಸ್‌ನವರದು. ಹಾಡುವವರಲ್ಲಿ, ಕೇಳುವವರಲ್ಲಿ ಹೆಚ್ಚಿನವರು ಟೆಕ್ಸಸ್ ಮತ್ತು ಒಕ್ಲಹೋಮಾದವರು. ಹಗಲು ಹಿಮದ ಮೇಲೆ ಜಾರಾಟ, ಸಂಜೆಯಿಂದ ನಡುರಾತ್ರಿಯವರೆಗೆ ಹಾಡು. ಹಲವರು ವಿಮಾನದಲ್ಲಿ ಬರುತ್ತಾರೆ. ಆದರೆ ಡಲ್ಲಾಸ್‌ನಿಂದ ಸುಮಾರು 1500 ಕಿಲೋಮೀಟರ್ ಕಾರು ಓಡಿಸಿಕೊಂಡು ಹೋಗುವವರಿಗೆ ಹಬ್ಬ ಮನೆಯಂಗಳದಲ್ಲೇ ಶುರುವಾಗುತ್ತದೆ. ಕಲಾವಿದರ ಪಟ್ಟಿ ಮೊದಲೇ ಸಿಕ್ಕಿರುತ್ತದೆ. ಅದರಲ್ಲಿ ಹಿಂದೆ ಕೇಳಿಲ್ಲದ ಹೆಸರುಗಳನ್ನು ಆರಿಸಿ, ಅವರ ಆಲ್ಬಮ್‌ಗಳನ್ನು ಇಡಿಯಾಗಿ ಫೋನಿಗೆ ಇಳಿಸಿಕೊಂಡು ಹೊರಡುವುದು ಒಂದು ರೂಢಿಯೇ ಆಗಿದೆ. ಇಲ್ಲಿ ತೂಗಿ ನೋಡಬೇಕೆಂದಿರುವುದು ಈ ರೂಢಿಯನ್ನೇ.

ಅಮೆರಿಕಾನಾ ಎಂಬ ವರ್ಗವನ್ನು ಮಾಡಿದ್ದು ರೇಡಿಯೊದವರು. 1995ರ ಜನವರಿಯಲ್ಲಿ ‘ಗ್ಯಾವಿನ್’ ಎಂಬ ಉದ್ಯಮ ಪತ್ರಿಕೆ ಈ ಹೆಸರಿನಲ್ಲಿ ಹಾಡುಗಳ ಪಟ್ಟಿ ಪ್ರಕಟಿಸತೊಡಗಿತು. 1999ರಲ್ಲಿ ಅದಕ್ಕೊಂದು ಸಂಘ ಹುಟ್ಟಿತು, 2010ರಲ್ಲಿ ಪ್ರತ್ಯೇಕ ಗ್ರ್ಯಾಮಿ ಬಂತು. ಕಂಟ್ರಿ, ಫೋಕ್, ಬ್ಲೂಸ್, ರಾಕ್ ಎಲ್ಲದರ ಅಂಚಿನಲ್ಲಿ ನಿಂತು, ಯಾವುದರ ಮಾರುಕಟ್ಟೆಗೂ ಪೂರ್ತಿ ಒಗ್ಗದೆ ಉಳಿದವರಿಗೆ ಹಾಕಿದ ಚಪ್ಪರ ಅದು. ಚಪ್ಪರದಡಿ ಯಾರಿದ್ದಾರೆ, ಯಾರಿಲ್ಲ ಎಂಬುದೇ ಮುಖ್ಯ. ಆ ಮಾತಿಗೆ ಮುಂದೆ ಬರುತ್ತೇನೆ.

ಡಲ್ಲಾಸ್‌ನಿಂದ ವಾಯವ್ಯಕ್ಕೆ ಹೋಗುವ 287ನೇ ಹೆದ್ದಾರಿ ವಿಚಿಟಾ ಫಾಲ್ಸ್ ದಾಟಿದ ಮೇಲೆ ನೆಲ ಚಪ್ಪಟೆಯಾಗುತ್ತ ಹೋಗುತ್ತದೆ. ವಿಚಿಟಾ ಫಾಲ್ಸ್‌ಗೆ ದಕ್ಷಿಣದಲ್ಲಿ, ತುಸು ದೂರದಲ್ಲಿ, ಆರ್ಚರ್ ಸಿಟಿ ಇದೆ. ಕಾದಂಬರಿಕಾರ ಲ್ಯಾರಿ ಮೆಕ್‌ಮರ್ಟ್ರಿಯ ಊರು. ಅವರ ಮಗ ಜೇಮ್ಸ್ ಮೆಕ್‌ಮರ್ಟ್ರಿ ಹಾಡುಗಾರ. ಈ ದಾರಿಯಲ್ಲಿ ಮೊದಲ ಬಾರಿ ಕೇಳುವವರಿಗೆ ನಾನು ಹೇಳುವ ಮೊದಲ ಹೆಸರು ಅವನದೇ. 1995ರ ‘ವೇರ್‌ಡ್ ಯು ಹೈಡ್ ದ ಬಾಡಿ’ ಆಲ್ಬಮ್‌ನಲ್ಲಿ ‘ಲೆವೆಲ್‌ಲ್ಯಾಂಡ್’ ಎಂಬ ಹಾಡಿದೆ. ಲೆವೆಲ್‌ಲ್ಯಾಂಡ್ ಈ ಹೆದ್ದಾರಿಯಲ್ಲಿಲ್ಲ, ಲಬಕ್ ಪಟ್ಟಣದ ಪಶ್ಚಿಮಕ್ಕಿದೆ. ಆದರೆ ಅದರ ಒಡಹುಟ್ಟಿದಂಥ ಊರುಗಳು ದಾರಿಯುದ್ದಕ್ಕೂ ಸಿಗುತ್ತವೆ. ಹಾಡಿನೊಳಗೆ ಇರುವುದು ಇಷ್ಟು: ಬಂಡಿ ಕಟ್ಟಿಕೊಂಡು ಬಂದ ಹಿರಿಯರು ಇಂಥ ಬೋಳು ಬಯಲಿನಲ್ಲಿ ಯಾಕಾದರೂ ನಿಂತರೋ ಎಂದು ಕೇಳುವ ಹುಡುಗ, ನೆಲದಡಿಯ ನೀರನ್ನೆಲ್ಲ ಹೀರಿ ಹತ್ತಿ ಬೆಳೆಯುವ ಅಪ್ಪ, ಮೇಲೆ ಹಾರಿಹೋಗುವ ಜೆಟ್ ವಿಮಾನ. ಭಾವುಕತೆಯ ಸೋಂಕಿಲ್ಲ. ಧ್ವನಿ ಒರಟು, ರಾಗದ ಏರಿಳಿತ ಕಡಿಮೆ; ಪದಗಳ ಹೆಜ್ಜೆಯೇ ತಾಳ. ಕಿಟಕಿಯಾಚೆ ದೊಡ್ಡ ವೃತ್ತದಲ್ಲಿ ತಿರುಗುವ ನೀರಾವರಿ ಯಂತ್ರಗಳು ಚಳಿಗಾಲದಲ್ಲಿ ಸುಮ್ಮನೆ ನಿಂತಿರುವುದು ಕಾಣುತ್ತದೆ. ಅವು ಒಗಲಾಲ ಅಂತರ್ಜಲವನ್ನು ದಶಕಗಳಿಂದ ಎತ್ತುತ್ತ ಬಂದಿವೆ, ಮಳೆ ಅದನ್ನು ಮರಳಿ ತುಂಬಿಸುವ ವೇಗ ತೀರಾ ನಿಧಾನ. ಇಷ್ಟನ್ನು ಮೆಕ್‌ಮರ್ಟ್ರಿ ಎರಡು ಸಾಲಿನಲ್ಲಿ ಮುಗಿಸುತ್ತಾನೆ. ದೂರುವುದಿಲ್ಲ, ಉಪದೇಶವಿಲ್ಲ. ಅಪ್ಪನನ್ನು ಖಳನನ್ನಾಗಿ ಮಾಡದೆ ಅಪ್ಪನ ಕೃಷಿಯನ್ನು ಪ್ರಶ್ನಿಸುವುದು ಬಹಳ ಕಷ್ಟದ ಬರವಣಿಗೆ.

ಅದೇ ಬಯಲಿನಲ್ಲಿ ಇನ್ನೊಂದು ಬಗೆಯ ಹಾಡುಗಳೂ ಚೆನ್ನಾಗಿ ಕೇಳಿಸುತ್ತವೆ: ಹಳೆಯ ಪಿಕಪ್ ಟ್ರಕ್, ಮಣ್ಣಿನ ರಸ್ತೆ, ವಿಸ್ಕಿ, ಬಿಟ್ಟುಹೋದ ಹುಡುಗಿ, ಹಿನ್ನೆಲೆಯಲ್ಲಿ ಪೆಡಲ್ ಸ್ಟೀಲ್ ಗಿಟಾರಿನ ಎಳೆ. ಚೈಲ್ಡ್ರೆಸ್ ಎಂಬ ಊರು ದಾಟುವಾಗ ಸೂರ್ಯ ಮುಳುಗುತ್ತಿದ್ದರೆ ಇವೆಲ್ಲ ದೊಡ್ಡ ಕಾವ್ಯವೆನಿಸುತ್ತವೆ. ಹಾಡಿನಲ್ಲಿ ಇಲ್ಲದ ಆಳವನ್ನು ಆಕಾಶ ಕಡ ಕೊಡುತ್ತದೆ. ಅಮೆರಿಕಾನಾದ ಹೆಸರಿನಲ್ಲಿ ಬರುವ ಸರಾಸರಿ ಆಲ್ಬಮ್‌ಗಳ ಬಗ್ಗೆ ನನ್ನ ತಕರಾರು ಇದೇ. ಅವು ಊರಿನ ಹೆಸರನ್ನು ಹೇಳುತ್ತವೆ, ಊರನ್ನು ನೋಡುವುದಿಲ್ಲ. ಮೆಕ್‌ಮರ್ಟ್ರಿಯ ಹಾಡಿನಲ್ಲಿ ಬಯಲು ಇರುವುದು ಕೇಳುವವರಿಗೆ ಗೊತ್ತಿಲ್ಲದ ಏನನ್ನೋ ಹೇಳಲಿಕ್ಕೆ.

ನೋಡುವ ಮಾತು ಬಂದಾಗ ಇನ್ನೊಂದು ವಿಷಯ ಹೇಳಬೇಕು. ಇದೇ ಹೆದ್ದಾರಿಯಲ್ಲಿ ಕ್ವಾನಾ ಎಂಬ ಊರು ಸಿಗುತ್ತದೆ. ಕಮಾಂಚಿ ಜನರ ನಾಯಕ ಕ್ವಾನಾ ಪಾರ್ಕರ್‌ನ ಹೆಸರು. ಈ ಬಯಲು ಹತ್ತಿಗಿಂತ ಮೊದಲು, ಬಂಡಿಗಳಿಗಿಂತ ಮೊದಲು ಕಮಾಂಚಿಗಳದಾಗಿತ್ತು. ನೆಲದ ನೆನಪನ್ನೇ ತನ್ನ ಬಂಡವಾಳ ಎಂದುಕೊಳ್ಳುವ ಈ ಸಂಗೀತದಲ್ಲಿ ಆ ನೆನಪು ಸಾಮಾನ್ಯವಾಗಿ ತಾತನ ಬಂಡಿಯಿಂದ ಶುರುವಾಗುತ್ತದೆ. ಅದಕ್ಕೂ ಹಿಂದೆ ಹೋಗುವ ಹಾಡು ಅಪರೂಪ. ‘ಲೆವೆಲ್‌ಲ್ಯಾಂಡ್’ ಕೂಡ ಆ ಬಂಡಿಯ ಹತ್ತಿರವೇ ನಿಲ್ಲುತ್ತದೆ. ನಾನು ಅಷ್ಟು ಮೆಚ್ಚುವ ಹಾಡಿಗೂ ಇದೊಂದು ಮಿತಿ.

ಅಮರಿಲ್ಲೊ ಹತ್ತಿರ ಬಂದಾಗ ಹಳಬರನ್ನು ಕೇಳಬೇಕು. ಅದರ ಈಶಾನ್ಯದ ಪ್ಯಾಂಪಾ ಎಂಬ ಊರಿನಲ್ಲಿ ಹಾಡುಗಾರ ವುಡಿ ಗತ್ರಿ ಇದ್ದಾಗಲೇ, 1935ರ ಏಪ್ರಿಲ್ 14ರಂದು, ಹಗಲನ್ನು ಕತ್ತಲು ಮಾಡಿದ ಧೂಳಿನ ಬಿರುಗಾಳಿ ಬಂದದ್ದು. ಅದರಿಂದ ಹುಟ್ಟಿದ ಹಾಡುಗಳು 1940ರಲ್ಲಿ ‘ಡಸ್ಟ್ ಬೌಲ್ ಬ್ಯಾಲಡ್ಸ್’ ಆಗಿ ಬಂದವು. ದಕ್ಷಿಣಕ್ಕೆ ಲಬಕ್‌ನಲ್ಲಿ ಜೋ ಎಲಿ, ಜಿಮ್ಮಿ ಡೇಲ್ ಗಿಲ್ಮೋರ್, ಬುಚ್ ಹ್ಯಾನ್ಕಾಕ್ ಎಂಬ ಮೂವರು ಗೆಳೆಯರು ‘ಫ್ಲ್ಯಾಟ್‌ಲ್ಯಾಂಡರ್ಸ್’ ಕಟ್ಟಿ 1972ರಲ್ಲಿ ಒಂದು ಆಲ್ಬಮ್ ಮಾಡಿದರು. ಆಗ ಅದು ಎಂಟು-ಟ್ರ್ಯಾಕ್ ಟೇಪಾಗಿ ಮಾತ್ರ ಹೊರಬಂದು ಕಣ್ಮರೆಯಾಯಿತು. 1990ರಲ್ಲಿ ಮರುಪ್ರಕಟವಾದ ಮೇಲಷ್ಟೇ ಜನ ಕೇಳಿದರು. ಮರ ಕೊಯ್ಯುವ ಗರಗಸವನ್ನು ಬಿಲ್ಲಿನಿಂದ ನುಡಿಸಿದ ನಾದ, ಗಿಲ್ಮೋರ್‌ನ ನಡುಗುವ ಎತ್ತರದ ದನಿ ಎರಡೂ ಸೇರಿ ಬಯಲಿನ ಒಂಟಿತನಕ್ಕೆ ಒಂದು ವಿಚಿತ್ರ ರೂಪ ಕೊಡುತ್ತವೆ. ಕೇಳಿದವನು ಮರೆಯಲಾರ.

ಇಲ್ಲಿಗೆ ಬರುವಷ್ಟರಲ್ಲಿ ಮೊಬೈಲ್ ಸಿಗ್ನಲ್ ಹೋಗುತ್ತ ಬರುತ್ತ ಇರುತ್ತದೆ. ನನ್ನ ಮಟ್ಟಿಗೆ ಅದೇ ಈ ಪ್ರಯಾಣದ ದೊಡ್ಡ ಉಪಕಾರ. ಇದಾದ ಮೇಲೆ ಇದು ಎಂದು ಒಂದೇ ತೆರನ ದನಿಗಳನ್ನು ಪೋಣಿಸುವ ಆ್ಯಪ್‌ನ ಶಿಫಾರಸು ನಿಂತು, ಇಳಿಸಿಕೊಂಡ ಆಲ್ಬಮ್ ಮೊದಲ ಹಾಡಿನಿಂದ ಕೊನೆಯ ಹಾಡಿನವರೆಗೆ ಓಡುತ್ತದೆ. ಮೂರನೆಯ ಹಾಡಿನ ಪಾತ್ರ ಎಂಟನೆಯ ಹಾಡಿನಲ್ಲಿ ಮತ್ತೆ ಬಂದರೆ ಗೊತ್ತಾಗುತ್ತದೆ. ಒಕ್ಲಹೋಮಾದ ‘ಟರ್ನ್‌ಪೈಕ್ ಟ್ರೂಬಡೋರ್ಸ್’ ತಂಡಕ್ಕೆ ಇಂಥ ಕೇಳುವಿಕೆಯೇ ಬೇಕು. ತಂಡದ ಹಾಡುಗಾರ ಇವಾನ್ ಫೆಲ್ಕರ್ ಬರೆದ ಹಾಡುಗಳಲ್ಲಿ ಲೋರಿ ಎಂಬ ಹೆಣ್ಣು ಒಂದರಿಂದ ಇನ್ನೊಂದಕ್ಕೆ, ಒಂದು ಆಲ್ಬಮ್‌ನಿಂದ ಮತ್ತೊಂದಕ್ಕೆ ದಾಟುತ್ತಾಳೆ. 2015ರ ಆಲ್ಬಮ್‌ನ ‘ದ ಬರ್ಡ್ ಹಂಟರ್ಸ್’ ನನ್ನ ಮಟ್ಟಿಗೆ ಅವನ ಅತ್ಯುತ್ತಮ ರಚನೆ. ಹಕ್ಕಿ ಬೇಟೆಗೆ ಹೊರಟ ಇಬ್ಬರು ಗೆಳೆಯರು, ಒಂದು ನಾಯಿ. ಮುರಿದುಹೋದ ಸಂಬಂಧದ ಸುದ್ದಿ ಬೇಟೆಯ ಮಾತಿನ ಸಂದುಗಳಲ್ಲಿ ಇಷ್ಟಿಷ್ಟೇ ಹೊರಬರುತ್ತದೆ. ದುಃಖವನ್ನು ನೇರವಾಗಿ ಹೇಳಲಾರದ ಗಂಡಸರ ಜಗತ್ತು ಅದು. ಅವರು ಹೇಳದೆ ಬಿಟ್ಟದ್ದನ್ನು ಪಿಟೀಲು ಹೇಳುತ್ತದೆ. ಬಯಲು ಇಲ್ಲದಿದ್ದರೂ, ಮುಚ್ಚಿದ ಕೋಣೆಯಲ್ಲಿ ಕೇಳಿದರೂ ಈ ಹಾಡು ಕುಂದುವುದಿಲ್ಲ.

ಡಾಲ್‌ಹಾರ್ಟ್, ಕ್ಲೇಟನ್ ಊರುಗಳು ಮುಗಿದು 7,834 ಅಡಿ ಎತ್ತರದ ರೆಟೋನ್ ಪಾಸ್ ಎಂಬ ಘಟ್ಟದಾರಿ ಏರುವಾಗ ಹಿಮ ಬಿದ್ದಿದ್ದರೆ ಹಾಡು ನಿಲ್ಲಿಸಿ ರಸ್ತೆ ನೋಡಬೇಕು. ಚಳಿಗಾಲದ ದಾರಿಗೂ ಈ ಸಂಗೀತಕ್ಕೂ ಹಳೆಯ, ಕಹಿ ನಂಟಿದೆ. ಕಂಟ್ರಿ ಹಾಡುಗಾರ ಹ್ಯಾಂಕ್ ವಿಲಿಯಮ್ಸ್ 1953ರ ಜನವರಿ 1ರಂದು ಒಹಾಯೊದ ಕ್ಯಾಂಟನ್‌ನಲ್ಲಿ ಹಾಡಬೇಕಿತ್ತು. ಕಾರಿನ ಹಿಂದಿನ ಸೀಟಿನಲ್ಲೇ ತೀರಿಕೊಂಡ, ವಯಸ್ಸು 29. ಲಬಕ್‌ನ ಹುಡುಗ, ರಾಕ್ ಹಾಡುಗಾರ ಬಡ್ಡಿ ಹಾಲಿ 1959ರ ಫೆಬ್ರವರಿಯಲ್ಲಿ, ಹೀಟರ್ ಕೆಟ್ಟ ಬಸ್ಸಿನಲ್ಲಿ ತಿರುಗಿ ಸಾಕಾಗಿ, ಅಯೋವಾದಲ್ಲಿ ಚಿಕ್ಕ ವಿಮಾನ ಹತ್ತಿದ. ವಿಮಾನ ಹೊಲದಲ್ಲಿ ಬಿತ್ತು. ಟ್ರಕ್ಕು ಮತ್ತು ಹೆದ್ದಾರಿಯನ್ನು ಬರಿಯ ಅಲಂಕಾರವಾಗಿ ಬಳಸುವ ಹಾಡು ಕೇಳಿದಾಗ ಸಿಟ್ಟು ಬರುವುದು ಇದಕ್ಕೇ.

9,426 ಅಡಿಯ ರ್‍ಯಾಬಿಟ್ ಇಯರ್ಸ್ ಪಾಸ್ ಇಳಿದರೆ ಸ್ಟೀಮ್‌ಬೋಟ್. ಕಾರಿನಲ್ಲಿ ಮೆಚ್ಚಿದ್ದಕ್ಕೆ ನಿಜವಾದ ಪರೀಕ್ಷೆ ಇಲ್ಲಿ. ಹಬ್ಬದ ದೊಡ್ಡ ಟೆಂಟಿನೊಳಗೆ ಆ ಪರೀಕ್ಷೆ ನಡೆಯುವುದಿಲ್ಲ. ಅಲ್ಲಿ ಡ್ರಮ್ಸ್ ಮುಂದೆ, ಮಾತು ಹಿಂದೆ. ಜನರಿಗೆ ಪಲ್ಲವಿ ಬಂದರೆ ಸಾಕು, ಚರಣಗಳು ಗದ್ದಲದಲ್ಲಿ ಕೊಚ್ಚಿಹೋಗುತ್ತವೆ. ಕಥನವನ್ನೇ ನಂಬಿದ ಹಾಡಿಗೆ ಇದು ಅನ್ಯಾಯ. ಪರೀಕ್ಷೆ ನಡೆಯುವುದು ಚಿಕ್ಕ ಸಭಾಂಗಣಗಳ ‘ಸಾಂಗ್ ಸ್ವಾಪ್’ನಲ್ಲಿ. ಮೂರು ನಾಲ್ಕು ಹಾಡುಗಾರರು ಒಂದೇ ಸಾಲಿನಲ್ಲಿ ಕೂತು ಸರದಿಯ ಮೇಲೆ ಒಂದೊಂದು ಹಾಡು ಹೇಳುತ್ತಾರೆ, ಅದು ಹೇಗೆ ಹುಟ್ಟಿತೆಂದು ವಿವರಿಸುತ್ತಾರೆ. ಒಬ್ಬ ಹಾಡುವಾಗ ಉಳಿದವರು ಕೇಳುತ್ತಿರುತ್ತಾರೆ. ಒಂದು ಗಿಟಾರು, ಒಂದು ದನಿ. ಬೆಟ್ಟದ ಒಣಗಾಳಿಗೆ ಗಿಟಾರಿನ ಮರ ಸಂಕುಚಿಸಿ ಶ್ರುತಿ ಜಾರುತ್ತದೆ, ಬಯಲುಸೀಮೆಯಿಂದ ಬಂದವರಿಗೆ ಉಸಿರು ಸಾಲದು. ಕಾರಿನಲ್ಲಿ ಭವ್ಯವಾಗಿ ಕೇಳಿಸಿದ ಎಷ್ಟೋ ಹಾಡುಗಳು ಇಲ್ಲಿ ಎರಡನೇ ಚರಣಕ್ಕೇ ಬರಿದಾಗುತ್ತವೆ. ಆಕಾಶ ಕೊಟ್ಟ ಕಡವನ್ನು ಇಲ್ಲಿ ತೀರಿಸಬೇಕು.

ತೀರಿಸಿದವರಲ್ಲಿ ಜೇಮಿ ಲಿನ್ ವಿಲ್ಸನ್ ಹೆಸರನ್ನು ಮೊದಲು ಹೇಳುತ್ತೇನೆ. ಆಕೆಯ ಕಥೆಗೂ ಈ ಹಬ್ಬಕ್ಕೂ ನೇರ ಸಂಬಂಧವಿದೆ. 2009ರಲ್ಲಿ ಇಲ್ಲಿ ಹಾಡುಗಾರ ಕೆವಿನ್ ವೆಲ್ಚ್‌ಗೆ ಗೌರವ ಕಾರ್ಯಕ್ರಮ ಏರ್ಪಟ್ಟಾಗ ಅವನ ಮಗಳು ಸವಾನಾ, ವಿಲ್ಸನ್, ಇನ್ನಿಬ್ಬರು ಗೆಳತಿಯರು ಅದಕ್ಕಾಗಿಯೇ ಸೇರಿ ಹಾಡಿದರು. ಅದರಿಂದ ‘ದ ಟ್ರಿಶಾಸ್’ ಎಂಬ ತಂಡ ಹುಟ್ಟಿತು. ಹಿರಿಯ ರಚನೆಕಾರರನ್ನು ಕಿರಿಯರು ಹೀಗೆ ಒಂದು ಸಂಜೆಯಿಡೀ ಹಾಡುವುದು ಮ್ಯೂಸಿಕ್‌ಫೆಸ್ಟ್ ಉಳಿಸಿಕೊಂಡು ಬಂದ ಅತ್ಯುತ್ತಮ ಪದ್ಧತಿ. ವಿಲ್ಸನ್ ಒಂಟಿಯಾಗಿ ಮಾಡಿದ 2018ರ ‘ಜಂಪಿಂಗ್ ಓವರ್ ರಾಕ್ಸ್’ನಲ್ಲಿ ‘ಡೆತ್ ಆ್ಯಂಡ್ ಲೈಫ್’ ಎಂಬ ದೀರ್ಘ ಹಾಡಿದೆ. ಸತ್ತವರ ಗುಣಗಾನಕ್ಕಿಂತ ಉಳಿದವರು ಮುಂದಿನ ದಿನಗಳನ್ನು ಹೇಗೆ ಕಳೆಯುತ್ತಾರೆ ಎಂಬುದರಲ್ಲಿ ಅದಕ್ಕೆ ಆಸಕ್ತಿ. ಆಕೆ ದನಿ ಎತ್ತುವುದೇ ಇಲ್ಲ. ಎತ್ತಬೇಕಾದ ಜಾಗದಲ್ಲಿ ಪದವನ್ನು ಇನ್ನಷ್ಟು ಸರಳಗೊಳಿಸುತ್ತಾಳೆ. ಬೇಟೆಗಾರರ ಮೌನ, ಟ್ರಕ್ಕಿನ ಒಂಟಿತನ ಕೇಳಿ ಕೇಳಿ ಬಂದ ಕಿವಿಗೆ ಇದು ಅಡುಗೆಮನೆಯ ಬಾಗಿಲನ್ನು ತೆರೆದಂತೆ.

ಇಂಥ ದನಿಗಳು ಕಲಾವಿದರ ಪಟ್ಟಿಯಲ್ಲಿ ಇಷ್ಟು ಕಡಿಮೆ ಯಾಕೆ? ಚಪ್ಪರದ ಮಾತು ಇಲ್ಲಿಗೆ ಬರುತ್ತದೆ. ಹಬ್ಬದ ವೇದಿಕೆಗಳನ್ನು ತುಂಬುವವರು ಬಹುಪಾಲು ಬಿಳಿಯ ಗಂಡಸರು, ಕೇಳುಗರಲ್ಲೂ ಅದೇ ಚಿತ್ರ. ಆದರೆ ಈ ಸಂಗೀತದ ಬ್ಯಾಂಜೊ ಆಫ್ರಿಕದಿಂದ ಗುಲಾಮರಾಗಿ ಬಂದವರ ವಾದ್ಯ. ಈ ಸಂಗತಿಯನ್ನು ಹಾಡುಗಾರ್ತಿ ರಿಯಾನನ್ ಗಿಡನ್ಸ್ ಇಪ್ಪತ್ತು ವರ್ಷಗಳಿಂದ ಹಾಡಿ, ನುಡಿಸಿ, ಬರೆದು ನೆನಪಿಸುತ್ತ ಬಂದಿದ್ದಾಳೆ. ವಸತಿ, ಸ್ಕೀ ಪಾಸು, ಸಂಗೀತ ಎಲ್ಲವನ್ನೂ ಒಟ್ಟಾಗಿ ಮಾರುವ ರಜೆಯ ಹಬ್ಬಕ್ಕೆ ಹಣವಿದ್ದವರೇ ಬರುತ್ತಾರೆ, ಅವರಿಗೆ ಗೊತ್ತಿರುವ ತಂಡಗಳೇ ಮತ್ತೆ ಬರುತ್ತವೆ. ಸಾಲದಲ್ಲಿರುವ ರೈತನ ಹಾಡನ್ನು ಇಷ್ಟು ದುಬಾರಿ ಜಾಗದಲ್ಲಿ ಕೇಳುವುದು ನನಗೆ ಪ್ರತಿ ಸಲವೂ ಮುಜುಗರ ತರುತ್ತದೆ. ಆದರೂ ಆ ಚಿಕ್ಕ ಸಭಾಂಗಣಗಳಿಗಾಗಿ ಹೋಗಬೇಕು ಎಂದೇ ಹೇಳುತ್ತೇನೆ.

ದೊಡ್ಡ ವೇದಿಕೆಯಿಂದ ಒಂದೇ ಒಂದನ್ನು ಬೇಡುತ್ತೇನೆ. ನಮ್ಮ ಸುಗಮ ಸಂಗೀತದ ಕಾರ್ಯಕ್ರಮಗಳಲ್ಲಿ ಹಾಡಿಗೆ ಮೊದಲು ಕವಿಯ ಹೆಸರು, ರಾಗ ಸಂಯೋಜಿಸಿದವರ ಹೆಸರು ಹೇಳುವುದು ಕ್ರಮ. ಬೇಂದ್ರೆ ಎಂದ ಮೇಲೆಯೇ ಹಾರ್ಮೋನಿಯಂ ಶುರು. ಸಾಂಗ್ ಸ್ವಾಪ್‌ನಲ್ಲಿ ಈ ಕೆಲಸ ತಾನಾಗಿ ಆಗುತ್ತದೆ, ಟೆಂಟಿನಲ್ಲಿ ಆಗುವುದಿಲ್ಲ. ಒಕ್ಲಹೋಮಾದ ಸ್ಟಿಲ್‌ವಾಟರ್‌ನಲ್ಲಿ ‘ರೆಡ್ ಡರ್ಟ್’ ಎಂಬ ಹಾಡುಗಾರರ ಬಳಗಕ್ಕೆ ಹಿರಿಯನಾಗಿದ್ದ ಬಾಬ್ ಚಿಲ್ಡರ್ಸ್ 2008ರಲ್ಲಿ ತೀರಿಕೊಂಡ. ಅವನ ಹಾಡುಗಳನ್ನು ಹಾಡುವ ತಂಡಗಳನ್ನು ಬಲ್ಲವರಲ್ಲಿ ಅವನ ಹೆಸರು ಬಲ್ಲವರು ಕೆಲವರೇ. ಟರ್ನ್‌ಪೈಕ್ ಟ್ರೂಬಡೋರ್ಸ್ ನುಡಿಸುವ ‘ಲಾಂಗ್ ಹಾಟ್ ಸಮ್ಮರ್ ಡೇ’ಗೆ ಜನ ಗಂಟಲು ಹರಿಯುವಂತೆ ದನಿಗೂಡಿಸುತ್ತಾರೆ, ಅದು ಫೆಲ್ಕರ್‌ನದೇ ಎಂದು ತಿಳಿಯುತ್ತಾರೆ. ಇಲಿನಾಯ್ ನದಿಯ ಸರಕುದೋಣಿಯಲ್ಲಿ ದುಡಿಯುವವನ ಆ ಹಾಡು ಜಾನ್ ಹಾರ್ಟ್‌ಫರ್ಡ್‌ನದು. ನದಿಯ ಹಡಗು ನಡೆಸಲು ಲೈಸೆನ್ಸ್ ಪಡೆದಿದ್ದ ಪಿಟೀಲು-ಬ್ಯಾಂಜೊ ವಾದಕ ಅವನು. ಹಾಡು ಇರುವುದು 1976ರ ‘ಮಾರ್ಕ್ ಟ್ವಾಂಗ್’ ಆಲ್ಬಮ್‌ನಲ್ಲಿ. ಅಲ್ಲಿ ಬೇರೆ ವಾದ್ಯವೃಂದವಿಲ್ಲ, ಅವನ ದನಿ, ಅವನ ತಂತಿ, ಹಲಗೆಯ ಮೇಲೆ ಅವನ ಪಾದದ ಬಡಿತ ಇಷ್ಟೇ. ಪಿಟೀಲು ಶುರುವಾಗುವ ಮುನ್ನ ಮೈಕಿನಲ್ಲಿ ಹಾರ್ಟ್‌ಫರ್ಡ್ ಎಂಬ ಹೆಸರೊಂದನ್ನು ಹೇಳಿದರೆ, ಆ ಟೆಂಟಿನಿಂದ ಹೊರಡುವ ಕಾರುಗಳಲ್ಲಿ ಕೆಲವಾದರೂ ಟೆಕ್ಸಸ್‌ಗೆ ಮರಳುವಾಗ ‘ಮಾರ್ಕ್ ಟ್ವಾಂಗ್’ ಕೇಳಿಕೊಂಡು ಹೋಗುತ್ತವೆ.