‘ವರ್ಷಫಲ’ವೂ ಪ್ರಗತ ಕುಂಡಲಿಯೂ: ಒಂದು ವಿವೇಚನೆ

ಕನ್ನಡ ನಾಡಿಗೂ ಜ್ಯೋತಿಷಕ್ಕೂ ಇರುವ ನಂಟು ಬಹು ಹಳೆಯದು. ಕನ್ನಡದ ಮೊದಲ ಜ್ಯೋತಿಷ ಗ್ರಂಥವೆಂದು ವಿದ್ವಾಂಸರು ಎಣಿಸುವ ಶ್ರೀಧರಾಚಾರ್ಯನ ‘ಜಾತಕತಿಲಕ’ವು ಕ್ರಿ.ಶ. 1049ರಲ್ಲಿ ರಚಿತವಾಯಿತು. ಈ ಶಾಸ್ತ್ರವನ್ನು ಇಂಗ್ಲಿಷ್ ಬಲ್ಲವರ ಮುಂದಿಟ್ಟವರಲ್ಲಿಯೂ ಕನ್ನಡಿಗರ ಪಾತ್ರ ಹಿರಿದು. ಬಿ. ಸೂರ್ಯನಾರಾಯಣ ರಾಯರು 1895ರಲ್ಲಿ ಆರಂಭಿಸಿದ್ದ ‘ಅಸ್ಟ್ರಾಲಾಜಿಕಲ್ ಮ್ಯಾಗಜೀನ್’ ಪತ್ರಿಕೆಯನ್ನು ಅವರ ಮೊಮ್ಮಗ ಬೆಂಗಳೂರು ವೆಂಕಟ ರಾಮನ್ನರು 1936ರಲ್ಲಿ ಪುನಶ್ಚೇತನಗೊಳಿಸಿ, 1998ರಲ್ಲಿ ತಾವು ದಿವಂಗತರಾಗುವವರೆಗೂ ನಡೆಸಿದರು. ಅವರ ಕೃತಿಗಳಲ್ಲಿ ‘ವರ್ಷಫಲ್ ಆರ್ ದಿ ಹಿಂದೂ ಪ್ರೊಗ್ರೆಸ್ಡ್ ಹೊರೊಸ್ಕೋಪ್’ ಎಂಬುದು ಒಂದು. ಆ ಹೆಸರು ಎತ್ತುವ ಪ್ರಶ್ನೆಗಳನ್ನು ವಿವೇಚಿಸುವುದೇ ಈ ಲೇಖನದ ಉದ್ದೇಶ.

ಮೊದಲು ಹೆಸರಿನ ಮಾತು. ಪಾಶ್ಚಾತ್ಯರು ‘ಪ್ರಗತ ಕುಂಡಲಿ’ಯೆಂದು ಸಾಮಾನ್ಯವಾಗಿ ಕರೆಯುವುದು ಒಂದು ದಿನವನ್ನು ಒಂದು ವರ್ಷಕ್ಕೆ ಸಮನೆಂದು ಭಾವಿಸುವ ಕ್ರಮವನ್ನು. ಜಾತಕನ ಮೂವತ್ತನೆಯ ವರ್ಷದ ಫಲವನ್ನು, ಅವನು ಹುಟ್ಟಿದ ಮೂವತ್ತನೆಯ ದಿನದ ಗ್ರಹಸ್ಥಿತಿಯಿಂದ ಅಲ್ಲಿ ಹೇಳುತ್ತಾರೆ. ಅದರಂತೆ ರವಿಯು ವರ್ಷಕ್ಕೆ ಸುಮಾರು ಒಂದು ಅಂಶ, ಚಂದ್ರನು ಸುಮಾರು ಹದಿಮೂರು ಅಂಶ ಮುಂದುವರಿಯುತ್ತಾರೆ. ನಮ್ಮ ವರ್ಷಫಲದ ತಳಹದಿಯೇ ಬೇರೆ. ಜನನಕಾಲದಲ್ಲಿ ರವಿಯು ಯಾವ ರಾಶಿ, ಅಂಶ, ಕಲೆಗಳಲ್ಲಿದ್ದನೋ ಅಲ್ಲಿಗೆ ಪ್ರತಿ ವರ್ಷವೂ ಮರಳುವ ಕ್ಷಣಕ್ಕೆ ಹೊಸ ಕುಂಡಲಿ ಹಾಕುವುದು ಈ ಪದ್ಧತಿ. ಇದು ಪುನರಾಗಮನವೇ ಹೊರತು ಪ್ರಗತಿಯಲ್ಲ. ಇದರೊಳಗೆ ನಿಜವಾಗಿ ‘ಪ್ರಗತ’ವೆನಿಸುವುದು ಜನ್ಮಲಗ್ನದಿಂದ ವರ್ಷಕ್ಕೊಂದು ರಾಶಿಯಂತೆ ನಡೆಯುವ ಮುಂಥಾ ಒಂದೇ. ಆದುದರಿಂದ ರಾಮನ್ನರ ಗ್ರಂಥನಾಮವು ಇಂಗ್ಲಿಷ್ ಓದುಗರಿಗೆ ದಾರಿ ತೋರಿಸಿದರೂ ಎರಡು ಭಿನ್ನ ಕ್ರಮಗಳನ್ನು ಒಂದೇ ಹೆಸರಿನ ಕೆಳಗೆ ತಂದಿತೆನ್ನಬೇಕಾಗುತ್ತದೆ.

‘ಹಿಂದೂ’ ಎಂಬ ವಿಶೇಷಣವೂ ಪರಾಮರ್ಶೆಗೆ ಯೋಗ್ಯವಾದುದು. ವರ್ಷಫಲವು ತಾಜಿಕ ಪದ್ಧತಿಗೆ ಸೇರಿದುದು. ಅದರ ಪ್ರಸಿದ್ಧ ಗ್ರಂಥವಾದ ‘ತಾಜಿಕ ನೀಲಕಂಠೀ’ 1587ರದು. ಮುಂಥಾ, ಸಹಮ, ಇತ್ಥಶಾಲ, ಈಸರಾಫ ಎಂಬ ಪರಿಭಾಷೆಗಳು ಅರಬ್ಬೀ ಮೂಲದಿಂದ ಸಂಸ್ಕೃತಕ್ಕೆ ಬಂದು ನೆಲೆ ನಿಂತವು. ಇದರಲ್ಲಿ ಕುಂದೇನೂ ಇಲ್ಲ. ಹೊರಗಿನ ವಿದ್ಯೆಯನ್ನು ಅರಗಿಸಿಕೊಂಡು ಶ್ಲೋಕಕ್ಕಿಳಿಸಿದ ಪಂಡಿತರ ಔದಾರ್ಯ ಮೆಚ್ಚತಕ್ಕದ್ದೇ. ಆದರೆ ಅನಾದಿಯಾದ ಋಷಿವಾಕ್ಯವೆಂದು ಭಯಭಕ್ತಿಯಿಂದ ಅದಕ್ಕೆ ತಲೆಬಾಗುವವರು ಈ ಚರಿತ್ರೆಯನ್ನು ತಿಳಿದಿರುವುದು ಒಳ್ಳೆಯದು.

ಇನ್ನು ಗಣಿತದ ವಿಚಾರ. ಅಂಕೋಲೆಯ ಸೀಮೆಯಲ್ಲಿ, ಗಂಗಾವಳಿ ನದಿಯು ಕಡಲು ಸೇರುವೆಡೆಯಲ್ಲಿರುವ ಮಂಜಗುಣಿಯಲ್ಲಿ ಒಂದು ಶಿಶು ಜನಿಸಿತೆಂದು ಭಾವಿಸೋಣ. ಆ ಊರಿನ ರೇಖಾಂಶ 74 ಅಂಶಗಳಿಗಿಂತ ತುಸು ಹೆಚ್ಚು. ನಮ್ಮ ಗಡಿಯಾರಗಳು ಅನುಸರಿಸುವ ಭಾರತೀಯ ಕಾಲದ ರೇಖಾಂಶ 82 ಅಂಶ 30 ಕಲೆ. ಅಂಶವೊಂದಕ್ಕೆ ನಾಲ್ಕು ನಿಮಿಷದಂತೆ ಮಂಜಗುಣಿಯ ಸ್ಥಾನಿಕ ಕಾಲವು ಗಡಿಯಾರಕ್ಕಿಂತ ಸುಮಾರು 33 ನಿಮಿಷ ಹಿಂದಿರುತ್ತದೆ. ಈ ಸಂಸ್ಕಾರವನ್ನು ಮರೆತರೆ ಲಗ್ನವು ಸುಮಾರು ಎಂಟು ಅಂಶ ಸರಿಯುತ್ತದೆ. ‘ಬೆಳಗಿನ ಭರತದ ಹೊತ್ತಿಗೆ ಹುಟ್ಟಿತು’ ಎಂದು ಮನೆಯ ಹಿರಿಯರು ನೆನಪಿನಿಂದ ಹೇಳುವ ಜನನಕಾಲದಲ್ಲಿ ಅರ್ಧ ಗಂಟೆಯ ಸಂದೇಹವಿದ್ದರೆ, ಆ ಸಂದೇಹವು ಪ್ರತಿಯೊಂದು ವರ್ಷಪ್ರವೇಶಕ್ಕೂ ಹಾಗೆಯೇ ದಾಟಿ ಹೋಗುತ್ತದೆ.

ಇದಕ್ಕಿಂತ ದೊಡ್ಡ ತೊಡಕು ವರ್ಷಮಾನದ್ದು. ಸೂರ್ಯಸಿದ್ಧಾಂತದ ಸೌರವರ್ಷವು 365 ದಿನ, 15 ಘಳಿಗೆ, 31 ಪಲ, 31 ವಿಪಲ. ಈಗಿನ ಖಗೋಳಗಣಿತದ ನಾಕ್ಷತ್ರ ವರ್ಷವು 365 ದಿನ, 15 ಘಳಿಗೆ, ಸುಮಾರು 23 ಪಲ. ವ್ಯತ್ಯಾಸವು ವರ್ಷಕ್ಕೆ ಮೂರೂವರೆ ನಿಮಿಷಕ್ಕೂ ಕಡಿಮೆಯೆಂದು ಉಪೇಕ್ಷಿಸಬಾರದು. ಅರವತ್ತು ವರ್ಷ ತುಂಬಿದವರ ವರ್ಷಕುಂಡಲಿಯಲ್ಲಿ ಅದೇ ಮೂರು ಗಂಟೆ ಇಪ್ಪತ್ತೇಳು ನಿಮಿಷಗಳಾಗಿ ಬೆಳೆದು, ಲಗ್ನವು ಒಂದೂವರೆ ರಾಶಿಗೂ ಮಿಕ್ಕಿ ಸರಿದಿರುತ್ತದೆ. ಲಗ್ನ ಬದಲಾದರೆ ವರ್ಷಲಗ್ನಾಧಿಪತಿ ಬದಲಾಗುತ್ತಾನೆ. ಮುಂಥೆಯಿರುವ ಭಾವವೂ ಬದಲಾಗುತ್ತದೆ. ಎರಡು ಪಂಚಾಂಗಗಳನ್ನು ನಂಬಿದ ಇಬ್ಬರು ಪಂಡಿತರು, ಇಬ್ಬರೂ ಪ್ರಾಮಾಣಿಕರೇ ಆಗಿದ್ದರೂ, ಒಬ್ಬನೇ ವೃದ್ಧನಿಗೆ ಒಂದೇ ವರ್ಷದಲ್ಲಿ ಎರಡು ಭವಿಷ್ಯಗಳನ್ನು ಹೇಳಬೇಕಾಗುತ್ತದೆ.

ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವ ವಿಂಶೋತ್ತರೀ ದಶೆಯೂ ಈ ತೊಡಕಿನಿಂದ ಪಾರಾಗಿಲ್ಲ. ರಾಮನ್ನರು ಅಂಗೀಕರಿಸಿದ ಅಯನಾಂಶಕ್ಕೂ ಲಾಹಿರಿ ಅಯನಾಂಶಕ್ಕೂ ಸುಮಾರು ಒಂದೂವರೆ ಅಂಶದ ಅಂತರವುಂಟು. 13 ಅಂಶ 20 ಕಲೆಗಳ ನಕ್ಷತ್ರವೊಂದಕ್ಕೆ ಶುಕ್ರದಶೆಯ 20 ವರ್ಷಗಳನ್ನು ಹಂಚಿದಾಗ ಅಂಶವೊಂದಕ್ಕೆ ಒಂದೂವರೆ ವರ್ಷ ಬೀಳುತ್ತದೆ. ಅಂದರೆ ಅಯನಾಂಶದ ಆಯ್ಕೆಯೊಂದರಿಂದಲೇ ದಶಾಸಂಧಿಯು ಎರಡು ವರ್ಷಕ್ಕೂ ಹೆಚ್ಚು ಹಿಂದುಮುಂದಾಗಬಲ್ಲದು. ಮದುವೆಯ ಕಾಲವನ್ನೋ ಮರಣದ ಕಾಲವನ್ನೋ ತಿಂಗಳಿನ ಮಟ್ಟಕ್ಕೆ ನಿರ್ಣಯಿಸುವೆವೆಂಬ ಮಾತಿಗೆ ಈ ಗಣಿತವೇ ಆಸರೆ ಕೊಡುವುದಿಲ್ಲ.

ಗಣಿತವು ನಿರ್ದೋಷವಾದರೂ ಫಲವು ಸರಿಯಾಗುವುದೇ ಎಂಬುದು ಬೇರೆಯ ಪ್ರಶ್ನೆ. ತಾಜಿಕದಲ್ಲಿ ಹದಿನಾರು ಯೋಗಗಳು, ಐವತ್ತರಷ್ಟು ಸಹಮಗಳು. ನಡೆದುಹೋದ ಘಟನೆಗೆ ಇಷ್ಟರಲ್ಲಿ ಒಂದು ಕಾರಣವನ್ನು ಹುಡುಕುವುದು ಕಷ್ಟವಲ್ಲ. ನಡೆಯುವ ಮುನ್ನ ಹೇಳುವುದೇ ಪರೀಕ್ಷೆ. ಜಯಂತ ನಾರ್ಳೀಕರರೂ ಸಂಗಡಿಗರೂ ಮಹಾರಾಷ್ಟ್ರದಲ್ಲಿ ಅಂತಹದೊಂದು ಪರೀಕ್ಷೆ ನಡೆಸಿ 2009ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಬುದ್ಧಿವಂತ ಮಕ್ಕಳ ಮತ್ತು ಬುದ್ಧಿಮಾಂದ್ಯ ಮಕ್ಕಳ ಜಾತಕಗಳನ್ನು ಬೆರೆಸಿ, 27 ಜ್ಯೋತಿಷಿಗಳಿಗೆ ತಲಾ 40ರಂತೆ ಕೊಡಲಾಗಿತ್ತು. ಸರಿಯುತ್ತರ ನೂರಕ್ಕೆ 46. ನಾಣ್ಯ ಚಿಮ್ಮಿ ಹೇಳಿದ್ದರೂ ಸುಮಾರು 50 ದೊರೆಯುತ್ತಿತ್ತು. ಅದು ಜನ್ಮಕುಂಡಲಿಯ ಪರೀಕ್ಷೆ, ವರ್ಷಫಲದ್ದಲ್ಲ ಎಂಬ ಆಕ್ಷೇಪ ನ್ಯಾಯವಾದುದೇ. ಆದರೆ ಬುಡವೇ ಅಲುಗುತ್ತಿರುವಾಗ ಕೊಂಬೆಯ ದಾರ್ಢ್ಯವನ್ನು ಪ್ರತ್ಯೇಕವಾಗಿ ತೋರಿಸಿಕೊಡುವ ಹೊಣೆ ಅದನ್ನು ನಂಬಿಸುವವರ ಮೇಲಿದೆ.

ಇದೆಲ್ಲವೂ ಬರಿಯ ಪಂಡಿತಚರ್ಚೆಯಾಗಿದ್ದರೆ ಇಷ್ಟು ಬರೆಯುವ ಅಗತ್ಯವಿರಲಿಲ್ಲ. ವರ್ಷಲಗ್ನದಿಂದ 4, 6, 7, 8, 12ನೆಯ ಭಾವಗಳಲ್ಲಿ ಮುಂಥಾ ಅಶುಭವೆಂದು ಶಾಸ್ತ್ರ. ಹನ್ನೆರಡರಲ್ಲಿ ಐದು! ಅರವತ್ತು ವರ್ಷ ಬಾಳುವವನ ಪಾಲಿಗೆ ಸರಾಸರಿ ಇಪ್ಪತ್ತೈದು ವರ್ಷಗಳು ಅಂಜಿಕೆಗೆ ಮೀಸಲಾದಂತಾಯಿತು. ಆ ವರ್ಷ ದೋಣಿ ಇಳಿಸಬಾರದೆಂದು ಮೀನುಗಾರನೂ, ಗದ್ದೆ ಕೊಳ್ಳಬಾರದೆಂದು ರೈತನೂ, ಮಗಳ ಮದುವೆ ಮಾಡಬಾರದೆಂದು ತಾಯಿಯೂ ಕೈಕಟ್ಟಿ ಕುಳಿತರೆ ಆ ನಷ್ಟವನ್ನು ಯಾವ ಗ್ರಹವೂ ತುಂಬಿಕೊಡದು.

ಶರಣರು ಕಂಡ ಅಪಾಯವೂ ಇದೇ. ಶಿವನನ್ನು ನೆನೆವ ಹೊತ್ತೇ ಒಳ್ಳೆಯ ಹೊತ್ತು, ತಾರಾಬಲ ಚಂದ್ರಬಲಗಳನ್ನು ಬೇರೆ ಅರಸಬೇಕಾಗಿಲ್ಲ ಎಂಬುದು ಬಸವಣ್ಣನವರ ನಿಲುವು. ಕಾಯಕಕ್ಕೆ ಅಕಾಲವೆಂಬುದಿಲ್ಲ. ಹೀಗೆಂದು ನಾವು ‘ಜಾತಕತಿಲಕ’ವನ್ನಾಗಲಿ ರಾಮನ್ನರ ಗ್ರಂಥಗಳನ್ನಾಗಲಿ ಕಪಾಟಿನಿಂದ ಹೊರಗಿಡಬೇಕಾಗಿಲ್ಲ. ಸಾಹಿತ್ಯದ ವಿದ್ಯಾರ್ಥಿಗಳು ಅವನ್ನು ಪರಿಭಾಷೆಗಾಗಿ, ಗಣಿತಕ್ಕಾಗಿ, ಒಂದು ಕಾಲದ ಮನೋಧರ್ಮವನ್ನು ಅರಿಯುವುದಕ್ಕಾಗಿ ಅವಶ್ಯ ಓದಲಿ. ಆದರೆ ಮನೆಯ ಜಗಲಿಯ ಮೇಲೆ ಕುಂಡಲಿಯನ್ನು ಬಿಚ್ಚಿದಾಗ, ಅದರಲ್ಲಿ ಲೆಕ್ಕ ಎಷ್ಟು, ಊಹೆ ಎಷ್ಟು, ಭಯ ಎಷ್ಟು ಎಂಬುದನ್ನು ಬೇರ್ಪಡಿಸಿ ನೋಡುವ ವಿವೇಕವನ್ನು ಮಾತ್ರ ಮಡಿಸಿಡದಿರಲಿ.