ಕೆಲಸ ಹೇಳಿದ ಕಾವೇರಿಯಮ್ಮ

ಪರದೇಶದಲ್ಲಿರುವ ಮಗ ರಜೆಗೆ ಬಂದರೆ ನಮ್ಮ ಮನೆಗಳಲ್ಲಿ ಅವನೊಬ್ಬ ನೆಂಟ. ಕುದಿಸಿ ಆರಿಸಿದ ನೀರು, ಖಾರ ಕಡಿಮೆ ಮಾಡಿದ ಸಾರು. ಒಂದು ಕೆಲಸ ಹೇಳಲು ಯಾರಿಗೂ ಬಾಯಿ ಬಾರದು. ಅಶುತೋಷ್ ಗೋವಾರಿಕರ್ ಅವರ ‘ಸ್ವದೇಸ್’ (2004) ಹಿಂದಿ ಚಿತ್ರದ ಕಾವೇರಿಯಮ್ಮ ನನಗೆ ಹಿಡಿಸಿದ್ದು ಇದಕ್ಕೇ. ನಾಸಾದಲ್ಲಿರುವ ಮೋಹನ, ತನ್ನನ್ನು ಸಾಕಿದ ಆಕೆಯನ್ನು ಅಮೆರಿಕಕ್ಕೆ ಕರೆದೊಯ್ಯಲು ಚರಣಪುರಕ್ಕೆ ಬರುತ್ತಾನೆ. ಮಲಗಲು ದೊಡ್ಡ ವ್ಯಾನು, ಕುಡಿಯಲು ಬಾಟಲಿ ನೀರು ಸಮೇತ! ಆಕೆಯೋ ಅವನನ್ನು ಬಾಕಿ ವಸೂಲಿಗೆಂದು ಬೇರೊಂದು ಊರಿಗೆ ಅಟ್ಟುತ್ತಾಳೆ. ಅಲ್ಲಿನ ರೈತನ ಬಡತನ ಕಂಡು ಬರಿಗೈಯಲ್ಲಿ ಮರಳುವಾಗ, ರೈಲು ನಿಂತಲ್ಲಿ ಪುಟ್ಟ ಹುಡುಗನೊಬ್ಬ ಮಾರುವ ನೀರನ್ನು ಮೋಹನ ಕೊಂಡು ಕುಡಿಯುತ್ತಾನೆ. ಶಾರುಖ್ ಖಾನ್ ಕಣ್ಣೀರು ನಮಗೆ ನೆನಪಿರುತ್ತದೆ, ಅವನನ್ನು ಆ ರೈಲು ಹತ್ತಿಸಿದವಳು ನೆನಪಿರುವುದಿಲ್ಲ. ನಮ್ಮ ಕಿಶೋರಿ ಬಲ್ಲಾಳ್ ಅಬ್ಬರವಿಲ್ಲದೆ, ಮನೆಯ ಹಿರಿಯಾಕೆ ಮಾತಾಡಿದಂತೆಯೇ ಆ ಪಾತ್ರ ಮಾಡಿದ್ದಾರೆ.

ನನ್ನ ತಕರಾರು ಒಂದೇ. ಮೋಹನ ಅಮೆರಿಕಕ್ಕೆ ಮರಳಿದಾಗ ಕ್ಯಾಮೆರಾವೂ ಅವನ ಜೊತೆ ವಿಮಾನ ಹತ್ತುತ್ತದೆ. ಅವನ ಕಚೇರಿ, ಅವನ ಚಡಪಡಿಕೆ ಎಲ್ಲವೂ ವಿವರವಾಗಿದೆ. ಅವನು ಹೋದ ಮೇಲೆ ಕಾವೇರಿಯಮ್ಮನ ದಿನಗಳು ಹೇಗೆ ಕಳೆದವು, ಮತ್ತೆ ಬರುತ್ತಾನೆಂಬ ನಂಬಿಕೆ ಆಕೆಗಿತ್ತೇ? ನಿರ್ದೇಶಕರು ಆ ಅಂಗಳದತ್ತ ತಿರುಗಿ ನೋಡಲೇ ಇಲ್ಲ.