ಸದನದ ಮಾತಿನಲ್ಲಿ ರೋಗಿ ಯಾರು?

2017ರ ನವೆಂಬರ್ ತಿಂಗಳು. ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಚಳಿಗಾಲದ ಅಧಿವೇಶನ ಆರಂಭವಾಗಿತ್ತು. ಹೊರಗೆ ಖಾಸಗಿ ವೈದ್ಯರು ಧರಣಿ ಕುಳಿತಿದ್ದರು. ರಾಜ್ಯದುದ್ದಗಲಕ್ಕೂ ಖಾಸಗಿ ಆಸ್ಪತ್ರೆಗಳ ಹೊರರೋಗಿ ವಿಭಾಗಗಳು ಬಾಗಿಲು ಮುಚ್ಚಿದ್ದವು. ಸಕಾಲಕ್ಕೆ ಚಿಕಿತ್ಸೆ ಸಿಗದೆ ಸಾವುಗಳಾಗಿವೆ ಎಂಬ ವರದಿಗಳು ದಿನವೂ ಪತ್ರಿಕೆಗಳಲ್ಲಿ ಬರುತ್ತಿದ್ದವು. ಹೈಕೋರ್ಟ್ ಮಧ್ಯಪ್ರವೇಶಿಸಿ, ಕೆಲಸಕ್ಕೆ ಮರಳುವಂತೆ ವೈದ್ಯರಿಗೆ ಹೇಳಬೇಕಾಯಿತು. ಇಷ್ಟಕ್ಕೆಲ್ಲ ಕಾರಣ ಒಂದು ವಿಧೇಯಕ: ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ತಿದ್ದುಪಡಿ ವಿಧೇಯಕ.

ಆ ದಿನಗಳು ಕಳೆದು ವರ್ಷಗಳಾದವು. ಸರ್ಕಾರಗಳು ಬದಲಾದವು, ಯೋಜನೆಗಳ ಹೆಸರುಗಳು ಬದಲಾದವು. ಆದರೆ ಆಸ್ಪತ್ರೆಯ ಬಗ್ಗೆ ನಮ್ಮ ಶಾಸನ ಸಭೆ ಮಾತಾಡುವ ರೀತಿ ಬದಲಾಗಿಲ್ಲ. ಸದನದ ಚರ್ಚೆಯನ್ನು ನಾವು ಸಾಮಾನ್ಯವಾಗಿ ರಾಜಕೀಯ ಸುದ್ದಿಯೆಂದು ಓದಿ ಮರೆಯುತ್ತೇವೆ. ಯಾರು ಯಾರನ್ನು ತರಾಟೆಗೆ ತೆಗೆದುಕೊಂಡರು, ಯಾರು ಸಭಾತ್ಯಾಗ ಮಾಡಿದರು ಎಂಬಲ್ಲಿಗೆ ನಮ್ಮ ಕುತೂಹಲ ಮುಗಿಯುತ್ತದೆ. ಒಂದು ಕೃತಿಯನ್ನು ಓದುವಂತೆ ಅದನ್ನೂ ಓದಿದರೆ ಏನು ಸಿಗುತ್ತದೆ? ಅಲ್ಲಿ ಬಳಕೆಯಾಗುವ ಪದಗಳು ಯಾವುವು? ರೋಗಿಗೆ ಅಲ್ಲಿ ಯಾವ ಪಾತ್ರ? ಈ ಪ್ರಶ್ನೆಗಳನ್ನಿಟ್ಟುಕೊಂಡು ನಾಲ್ಕಾರು ಸಂಗತಿಗಳನ್ನು ಪರಿಶೀಲಿಸೋಣ.

ಮೊದಲು ಪದಗಳನ್ನೇ ಗಮನಿಸಿ. ಆಸ್ಪತ್ರೆಗೆ ಹಣ 'ನೀಡಲಾಗುತ್ತದೆ', ಕಟ್ಟಡ 'ಮಂಜೂರಾಗುತ್ತದೆ', ಡಯಾಲಿಸಿಸ್ ಯಂತ್ರ 'ಕೊಡುಗೆಯಾಗಿ' ಬರುತ್ತದೆ. ಚಿಕಿತ್ಸೆ ಪಡೆದವನು 'ಫಲಾನುಭವಿ'ಯಾಗುತ್ತಾನೆ. ಎಂತಹ ವಿಚಿತ್ರ ಪದ! ತೋಟದ ಫಲವನ್ನು ಉಂಡವನಿಗೆ ಹೇಳಬಹುದಾದ ಮಾತನ್ನು ನಾವು ಕಿಡ್ನಿ ಕೆಟ್ಟು ವಾರಕ್ಕೆರಡು ಬಾರಿ ಸೂಜಿ ಚುಚ್ಚಿಸಿಕೊಳ್ಳುವವನಿಗೆ ಹೇಳುತ್ತೇವೆ. ಶಾಸಕರಿಗೂ ಮಾಜಿ ಶಾಸಕರಿಗೂ ವೈದ್ಯಕೀಯ ವೆಚ್ಚದ ಸೌಲಭ್ಯವಿದೆ. ಅದು ಕಾನೂನಿನ ಬಲದಿಂದ ಬರುತ್ತದೆ, ಬರಬೇಕಾದುದೇ. ಆದರೆ ಅವರನ್ನು ಯಾರೂ ಫಲಾನುಭವಿ ಎಂದು ಕರೆದುದನ್ನು ನಾವು ಕೇಳಿಲ್ಲ.

ಇನ್ನು ಪ್ರಶ್ನೋತ್ತರ. ತಾಲೂಕು ಆಸ್ಪತ್ರೆಯಲ್ಲಿ ಅರಿವಳಿಕೆ ತಜ್ಞರಿಲ್ಲ, ಹೆರಿಗೆಗೆ ಜಿಲ್ಲಾ ಕೇಂದ್ರಕ್ಕೇ ಓಡಬೇಕು ಎಂದು ಸದಸ್ಯರೊಬ್ಬರು ಕೇಳುತ್ತಾರೆ. ಇಂತಹ ಪ್ರಶ್ನೆಗಳಿಗೆ ಇಲಾಖೆಗಳ ಬಳಿ ಒಂದು ಸಿದ್ಧ ವಾಕ್ಯವಿದೆ: ಅನುದಾನದ ಲಭ್ಯತೆಯನ್ನು ಆಧರಿಸಿ ಪರಿಶೀಲಿಸಲಾಗುವುದು. ಈ ವಾಕ್ಯದ ಮುಂದೆ 1996ರಲ್ಲಿ ಸುಪ್ರೀಂ ಕೋರ್ಟ್ ನೀಡಿದ ಒಂದು ತೀರ್ಪನ್ನು ಇಟ್ಟು ನೋಡಬೇಕು. ಪಶ್ಚಿಮ ಬಂಗಾಳದ ಒಬ್ಬ ಕೃಷಿ ಕಾರ್ಮಿಕ 1992ರಲ್ಲಿ ರೈಲಿನಿಂದ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡ. ಕಲ್ಕತ್ತಾದ ಒಂದಾದ ಮೇಲೊಂದು ಸರ್ಕಾರಿ ಆಸ್ಪತ್ರೆಗೆ ಅವನನ್ನು ಒಯ್ದರೂ ಹಾಸಿಗೆಯಿಲ್ಲ, ಸೌಲಭ್ಯವಿಲ್ಲ ಎಂದು ಹಿಂದೆ ಕಳಿಸಲಾಯಿತು. ಕೊನೆಗೆ ಅವನು ಖಾಸಗಿ ಆಸ್ಪತ್ರೆಯಲ್ಲಿ ಕೈಯಿಂದ ಹಣ ತೆತ್ತು ಬದುಕಿದ. ತುರ್ತು ಚಿಕಿತ್ಸೆ ನಿರಾಕರಿಸುವುದು ಜೀವಿಸುವ ಹಕ್ಕಿನ ಉಲ್ಲಂಘನೆ, ಹಣವಿಲ್ಲವೆಂಬ ನೆಪದಿಂದ ಸರ್ಕಾರ ಈ ಹೊಣೆಯಿಂದ ಜಾರಿಕೊಳ್ಳುವಂತಿಲ್ಲ ಎಂದು ನ್ಯಾಯಾಲಯ ಹೇಳಿತು. ಅವನಿಗೆ 25,000 ರೂಪಾಯಿ ಪರಿಹಾರ ಕೊಡಿಸಿತು. ಆಸ್ಪತ್ರೆ ಸಂವಿಧಾನದ ಪ್ರಕಾರ ರಾಜ್ಯ ಪಟ್ಟಿಯ ವಿಷಯ. ಆದ್ದರಿಂದ ಆ ತೀರ್ಪು ಮೊದಲು ತಲುಪಬೇಕಾಗಿದ್ದುದು ರಾಜ್ಯಗಳ ಶಾಸನ ಸಭೆಗಳಿಗೆ. ತಲುಪಿದ್ದರೆ ಆ ಸಿದ್ಧ ವಾಕ್ಯಕ್ಕೆ ಸದನದಲ್ಲಿ ಜಾಗವಿರುತ್ತಿರಲಿಲ್ಲ.

2017ರ ವಿಧೇಯಕ ಮುಖ್ಯವಾಗುವುದು ಇಲ್ಲಿಯೇ. ಅಂದಿನ ಆರೋಗ್ಯ ಸಚಿವ ಕೆ.ಆರ್. ರಮೇಶ್ ಕುಮಾರ್ ಮಂಡಿಸಿದ ಮೂಲ ಕರಡಿನಲ್ಲಿ ರೋಗಿಯು ದಾನ ಪಡೆಯುವವನಾಗಿರಲಿಲ್ಲ, ಲೆಕ್ಕ ಕೇಳುವವನಾಗಿದ್ದ. ಚಿಕಿತ್ಸೆಗಳಿಗೆ ಸರ್ಕಾರವೇ ದರ ನಿಗದಿಪಡಿಸುವುದು, ಮೀರಿದವರಿಗೆ ಜೈಲು ಶಿಕ್ಷೆ, ಜಿಲ್ಲಾ ಮಟ್ಟದಲ್ಲಿ ದೂರು ನಿವಾರಣೆ, ರೋಗಿಗಳ ಹಕ್ಕುಗಳ ಸನ್ನದು, ಬಿಲ್ಲು ಬಾಕಿಯಿದೆಯೆಂದು ಶವವನ್ನು ಹಿಡಿದಿಟ್ಟುಕೊಳ್ಳಬಾರದೆಂಬ ನಿಯಮ ಇವೆಲ್ಲ ಅದರಲ್ಲಿದ್ದವು. ಕೊನೆಯದನ್ನು ಓದುವಾಗ ಮನಸ್ಸು ಭಾರವಾಗುತ್ತದೆ. ಹೆಣವನ್ನು ಒತ್ತೆಯಿಡಬೇಡಿ ಎಂದು ಕಾನೂನು ಬರೆಯಬೇಕಾದ ಸಮಾಜ ನಮ್ಮದು.

ಮುಷ್ಕರ ನಡೆಯಿತು, ಮುಖ್ಯಮಂತ್ರಿಯವರು ವೈದ್ಯರ ಜೊತೆ ಮಾತುಕತೆ ನಡೆಸಿದರು. ಅದೇ ಅಧಿವೇಶನದಲ್ಲಿ ವಿಧೇಯಕ ಅಂಗೀಕಾರವಾದಾಗ ಅದರ ಹಲ್ಲುಗಳು ಉದುರಿದ್ದವು. ದರ ನಿಗದಿ ಸರ್ಕಾರಿ ಯೋಜನೆಗಳಡಿ ಬರುವ ರೋಗಿಗಳಿಗಷ್ಟೇ ಸೀಮಿತವಾಯಿತು. ಹೆಚ್ಚು ದರ ವಸೂಲಿಗೆ ಜೈಲು ಎಂಬ ಮಾತು ಹೋಯಿತು. ಹಕ್ಕುಗಳ ಸನ್ನದು ಮತ್ತು ಶವದ ನಿಯಮ ಉಳಿದವು. ದೂರುಗಳ ಹೊಣೆ ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಪ್ರಾಧಿಕಾರಕ್ಕೆ ಹೋಯಿತು. ಉಳಿದುದು ಅಲ್ಪವೆಂದು ನಾವು ಹೇಳುವುದಿಲ್ಲ. ಆದರೆ ಸ್ವಂತ ಹಣದಿಂದ ಬಿಲ್ಲು ಕಟ್ಟುವವನು, ಅಂದರೆ ಬಡವನೆಂಬ ಕಾರ್ಡೂ ಇಲ್ಲದ, ಶ್ರೀಮಂತಿಕೆಯೂ ಇಲ್ಲದ ಮಧ್ಯದವನು ಕಾನೂನಿನ ಹೊರಗೇ ಉಳಿದ.

ವೈದ್ಯರ ವಾದದಲ್ಲಿ ಹುರುಳಿರಲಿಲ್ಲವೆಂದಲ್ಲ. ಸರ್ಕಾರಿ ಆಸ್ಪತ್ರೆಯ ನಿರ್ಲಕ್ಷ್ಯಕ್ಕೆ ಈ ಕಾನೂನು ಏಕೆ ಅನ್ವಯಿಸುವುದಿಲ್ಲವೆಂದು ಅವರು ಕೇಳಿದ್ದು ನ್ಯಾಯವಾದ ಪ್ರಶ್ನೆ. ಸಣ್ಣ ಊರಿನಲ್ಲಿ ಗಂಡ ಹೆಂಡತಿ ಸೇರಿ ನಡೆಸುವ ಹತ್ತು ಹಾಸಿಗೆಯ ನರ್ಸಿಂಗ್ ಹೋಮ್‌ಗೂ ಬೆಂಗಳೂರಿನ ಕಾರ್ಪೊರೇಟ್ ಆಸ್ಪತ್ರೆಗೂ ಒಂದೇ ಅಳತೆಗೋಲು ಸರಿಯಲ್ಲ. ರೋಗಿ ಸತ್ತಾಗ ವೈದ್ಯರ ಮೇಲೆ ಕೈಮಾಡುವ ನಮ್ಮ ಜನರ ನಡತೆಯನ್ನು ಯಾರೂ ಸಮರ್ಥಿಸಲಾರರು. ಇವನ್ನೆಲ್ಲ ಸದನ ಬಿಡಿಸಿ ಚರ್ಚಿಸಬೇಕಿತ್ತು. ಆದರೆ ನಿಜವಾದ ಇತ್ಯರ್ಥ ಆದದ್ದು ಸದನದ ಹೊರಗಿನ ಮಾತುಕತೆಯಲ್ಲಿ. ಆ ಮೇಜಿನ ಒಂದು ಬದಿಯಲ್ಲಿ ಸರ್ಕಾರ, ಇನ್ನೊಂದು ಬದಿಯಲ್ಲಿ ವೈದ್ಯರ ಸಂಘಟನೆ. ರೋಗಿಗೆ ಸಂಘವಿಲ್ಲ, ಅವನು ಮುಷ್ಕರ ಹೂಡಲಾರ. ಅವನ ಪರವಾಗಿ ಕೂರಬೇಕಾಗಿದ್ದುದು ಅವನೇ ಆರಿಸಿ ಕಳಿಸಿದ ಶಾಸಕರು.

ದರ ನಿಗದಿ ಅಸಾಧ್ಯವೆಂದು 2017ರಲ್ಲಿ ಹೇಳಲಾಯಿತು. ಮೂರೇ ವರ್ಷಗಳಲ್ಲಿ ಅದು ಸಾಧ್ಯವಾಯಿತು. 2020ರ ಜೂನ್‌ನಲ್ಲಿ ಕೋವಿಡ್ ಹೆಚ್ಚಿದಾಗ, ಖಾಸಗಿ ಆಸ್ಪತ್ರೆಗೆ ನೇರವಾಗಿ ಹೋಗುವ ರೋಗಿಗೂ ಸರ್ಕಾರ ದರದ ಮಿತಿ ಹಾಕಿತು: ಸಾಮಾನ್ಯ ವಾರ್ಡಿಗೆ ದಿನಕ್ಕೆ 10,000, ವೆಂಟಿಲೇಟರ್ ಸಹಿತ ಐಸಿಯುಗೆ 25,000 ರೂಪಾಯಿ. ಬಡವರಿಗೆ ಆ ದರಗಳೂ ಭಾರವೇ. ಮಿತಿಯನ್ನು ಮೀರಿದ ದೂರುಗಳೂ ಬಂದವು. ಆದರೂ ಆಸ್ಪತ್ರೆಯ ಬಿಲ್ಲಿಗೆ ಸಾರ್ವಜನಿಕ ಮಿತಿ ಇರಬಹುದೆಂಬುದು ಸಾಬೀತಾಯಿತು. ಅಲ್ಲಿಯವರೆಗೆ ಕೊರತೆಯಿದ್ದದ್ದು ಇಚ್ಛಾಶಕ್ತಿಯದು.

ಈಗ ಹಣದ ದಾರಿಯನ್ನು ನೋಡೋಣ. 2003ರಲ್ಲಿ ಸಹಕಾರಿ ರೈತರಿಗಾಗಿ ಯಶಸ್ವಿನಿ ಬಂತು, 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ, 2018ರಲ್ಲಿ ಆರೋಗ್ಯ ಕರ್ನಾಟಕ. ಅದೇ ವರ್ಷ ಅದು ಕೇಂದ್ರದ ಆಯುಷ್ಮಾನ್ ಭಾರತದೊಂದಿಗೆ ಬೆರೆಯಿತು. ಇವುಗಳಿಂದ ಎಷ್ಟೋ ಹೃದಯಗಳು ಮತ್ತೆ ಬಡಿದಿವೆ, ಎಷ್ಟೋ ಮನೆಗಳು ಸಾಲದಿಂದ ಪಾರಾಗಿವೆ. ಅದನ್ನು ಮನಸಾರೆ ಒಪ್ಪುತ್ತೇವೆ. ಆದರೆ ಇವೆಲ್ಲ ಮುಖ್ಯವಾಗಿ ಚಿಕಿತ್ಸೆಯ ಬಿಲ್ಲು ಕಟ್ಟುವ ಯೋಜನೆಗಳು. ಬಿಲ್ಲು ಕಟ್ಟುವುದರಿಂದ ತಾಲೂಕು ಆಸ್ಪತ್ರೆಗೆ ದಾದಿಯೊಬ್ಬಳು ಬರುವುದಿಲ್ಲ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಾತ್ರಿ ದೀಪ ಉರಿಯುವುದಿಲ್ಲ. ರಾಜ್ಯಗಳು 2020ರೊಳಗೆ ತಮ್ಮ ಬಜೆಟ್ಟಿನ ಶೇ. 8ಕ್ಕಿಂತ ಹೆಚ್ಚನ್ನು ಆರೋಗ್ಯಕ್ಕೆ ಮೀಸಲಿಡಬೇಕೆಂದು 2017ರ ರಾಷ್ಟ್ರೀಯ ಆರೋಗ್ಯ ನೀತಿ ಹೇಳಿತ್ತು. ಕರ್ನಾಟಕ ಆ ಗುರಿಯನ್ನು ಮುಟ್ಟಲಿಲ್ಲ. ಬಜೆಟ್ ಚರ್ಚೆಯಲ್ಲಿ ಯೋಜನೆಯ ಹೆಸರಿಗಾಗಿ ನಡೆಯುವಷ್ಟು ಜಟಾಪಟಿ ಈ ಶೇಕಡಾವಾರಿಗಾಗಿ ನಡೆಯುವುದಿಲ್ಲ.

ಈ ಯೋಜನೆಯ ಬಾಗಿಲಿಗೆ ಕೀಲಿಕೈ ಪಡಿತರ ಚೀಟಿ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30 ಮಾತ್ರ, ಅದೂ ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ ಎಂಬುದು 2018ರಲ್ಲಿ ರೂಪುಗೊಂಡ ನಿಯಮ. 2024ರ ನವೆಂಬರ್‌ನಲ್ಲಿ ಅನರ್ಹರ ಬಿಪಿಎಲ್ ಕಾರ್ಡುಗಳನ್ನು ರದ್ದುಪಡಿಸುವ ಕೆಲಸ ಶುರುವಾದಾಗ ರಾಜ್ಯದಲ್ಲಿ ಗದ್ದಲವೆದ್ದಿತು. ಸರ್ಕಾರ ಹಿಂದೆ ಸರಿದು, ಅರ್ಹರ ಕಾರ್ಡುಗಳನ್ನು ಮರಳಿಸುವುದಾಗಿ ಹೇಳಿತು. ಆಗ ಎಲ್ಲರೂ ಮಾತಾಡಿದ್ದು ಅಕ್ಕಿಯ ಬಗ್ಗೆ, ಗೃಹಲಕ್ಷ್ಮಿಯ 2,000 ರೂಪಾಯಿಯ ಬಗ್ಗೆ. ಕಾರ್ಡಿನ ಬಣ್ಣ ಬದಲಾದರೆ ಆಪರೇಷನ್ ಖರ್ಚಿನ ಶೇ. 70 ಆ ಮನೆಯವರ ತಲೆಯ ಮೇಲೆ ಬೀಳುತ್ತದೆಂಬುದು ಆ ಗದ್ದಲದಲ್ಲಿ ಕೇಳಿಸಲೇ ಇಲ್ಲ. ಗ್ಯಾರಂಟಿಗಳಿಂದ ಖಜಾನೆ ಬರಿದಾಯಿತೆಂದು ಒಂದು ಪಕ್ಷ, ಗ್ಯಾರಂಟಿಗಳೇ ಅಭಿವೃದ್ಧಿಯೆಂದು ಇನ್ನೊಂದು ಪಕ್ಷ. ಬಡವರಿಗೆ ಕೊಟ್ಟದ್ದನ್ನು ಲೆಕ್ಕ ಹಾಕುವ ಉತ್ಸಾಹ ಇಬ್ಬರಿಗೂ ಇದೆ. ಅವರಿಗೆ ಸಲ್ಲಬೇಕಾದುದನ್ನು ಲೆಕ್ಕ ಹಾಕುವವರು ಕಡಿಮೆ.

ಅದೇ ನವೆಂಬರ್‌ನಲ್ಲಿ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡರು. ಅವರಿಗೆ ಡ್ರಿಪ್ ಮೂಲಕ ಕೊಟ್ಟ ದ್ರಾವಣದ ಮೇಲೆ ಸಂಶಯ ಮೂಡಿತು. ರಾಜ್ಯದ ಔಷಧ ನಿಯಂತ್ರಕರನ್ನು ಅಮಾನತುಗೊಳಿಸಲಾಯಿತು. ಡಿಸೆಂಬರ್‌ನ ಬೆಳಗಾವಿ ಅಧಿವೇಶನದಲ್ಲಿ ವಿಷಯ ಪ್ರಸ್ತಾಪವಾಯಿತು. ವಿರೋಧ ಪಕ್ಷ ರಾಜ್ಯ ಸರ್ಕಾರದತ್ತ ಬೆರಳು ತೋರಿಸಿತು, ರಾಜ್ಯ ಸರ್ಕಾರ ಕೇಂದ್ರದ ಪ್ರಯೋಗಾಲಯದತ್ತ. ಬೆರಳುಗಳ ನಡುವೆ ತಬ್ಬಲಿ ಮಕ್ಕಳು. ಔಷಧ ಖರೀದಿಸುವಾಗ ಗುಣಮಟ್ಟ ಪರೀಕ್ಷಿಸುವವರು ಯಾರು, ಒಂದು ಪ್ರಯೋಗಾಲಯ ತಿರಸ್ಕರಿಸಿದ ದ್ರಾವಣವನ್ನು ಇನ್ನೊಂದು ಒಪ್ಪಿದರೆ ವಾರ್ಡಿನಲ್ಲಿ ಅದನ್ನು ತಡೆಹಿಡಿಯುವವರು ಯಾರು ಎಂಬ ಒಣ ಪ್ರಶ್ನೆಗಳೇ ಜೀವ ಉಳಿಸುವ ಪ್ರಶ್ನೆಗಳು. ಚಪ್ಪಾಳೆ ಗಿಟ್ಟಿಸದ ಕಾರಣಕ್ಕೆ ಅವು ಹಿಂದಕ್ಕೆ ಸರಿಯುತ್ತವೆ.

ಅದೇ ಅಧಿವೇಶನದಲ್ಲಿ ವಕ್ಫ್ ಆಸ್ತಿಯ ಬಗ್ಗೆಯೂ ಬಿರುಸಿನ ಮಾತುಗಳಾದವು. ವಕ್ಫ್ ಎಂದರೆ ಜಮೀನಿನ ಜಗಳವೆಂದೇ ನಾಡಿನ ಬಹುಪಾಲು ಜನ ತಿಳಿಯುವಂತಾಗಿದೆ. ಆದರೆ ಆಸ್ಪತ್ರೆಯ ಇತಿಹಾಸದಲ್ಲಿ ಈ ಪದಕ್ಕೆ ಬೇರೆಯೇ ಸ್ಥಾನವಿದೆ. ಡಮಾಸ್ಕಸ್‌ನಲ್ಲಿ 1154ರಲ್ಲಿ ನೂರುದ್ದೀನ್ ಕಟ್ಟಿಸಿದ ಬೀಮಾರಿಸ್ತಾನ್, ಕೈರೋದಲ್ಲಿ 1284ರಲ್ಲಿ ಸುಲ್ತಾನ್ ಕಲಾವೂನ್ ಕಟ್ಟಿಸಿದ ಮನ್ಸೂರಿ ಆಸ್ಪತ್ರೆ ವಕ್ಫ್ ಆಸ್ತಿಗಳ ಆದಾಯದಿಂದ ನಡೆದವು. ಮನ್ಸೂರಿ ಆಸ್ಪತ್ರೆಯ ಬಾಗಿಲು ಬಡವ ಬಲ್ಲಿದ, ಗಂಡು ಹೆಣ್ಣು, ಊರವ ಪರವೂರವ ಎನ್ನದೆ ತೆರೆದಿತ್ತು. ಸುಲ್ತಾನ ಸತ್ತರೂ ವಕ್ಫ್ ಪತ್ರ ಸಾಯುವುದಿಲ್ಲ. ಆಳುವವನ ಮರ್ಜಿಯಿಂದ ಆಸ್ಪತ್ರೆಯನ್ನು ಬಿಡಿಸಿಡುವ ಉಪಾಯವದು. ಸಂಪತ್ತುಳ್ಳವರ ಸಂಪತ್ತಿನಲ್ಲಿ ಕೇಳುವವನಿಗೂ ವಂಚಿತನಿಗೂ ಇರುವ ಪಾಲನ್ನು ಕುರ್‌ಆನ್ 'ಹಕ್ಕು' ಎಂದೇ ಕರೆದಿದೆ. ಆ ಪದದ ಹಿಂದೆ ಒಂದು ಇಡೀ ವ್ಯವಸ್ಥೆಯ ಕಲ್ಪನೆಯಿದೆ.

ಹಾಗೆಂದು ಗತವೈಭವ ಹೇಳಿಕೊಂಡು ತೃಪ್ತರಾಗುವ ಹಾಗಿಲ್ಲ. ನಮ್ಮ ವಕ್ಫ್ ಆಸ್ತಿಗಳನ್ನು ನಮ್ಮವರೇ ನುಂಗಿದ ಉದಾಹರಣೆಗಳು ಕಡಿಮೆಯಿಲ್ಲ. ಸಮುದಾಯವೂ ಇಂದು ಫಲಾನುಭವಿಯ ಭಾಷೆಯನ್ನೇ ಕಲಿತಿದೆ. ಆಂಬುಲೆನ್ಸ್ ಲೋಕಾರ್ಪಣೆ, ಉಚಿತ ತಪಾಸಣಾ ಶಿಬಿರ, ರಮಝಾನ್‌ನಲ್ಲಿ ಚಿಕಿತ್ಸಾ ನೆರವು ಇವೆಲ್ಲ ಒಳ್ಳೆಯ ಕೆಲಸಗಳೇ. ಆದರೆ ಆಂಬುಲೆನ್ಸ್ ಕೊನೆಗೆ ಹೋಗಿ ನಿಲ್ಲುವ ಸರ್ಕಾರಿ ಆಸ್ಪತ್ರೆಯಲ್ಲಿ ವೈದ್ಯರಿದ್ದಾರೆಯೇ ಎಂದು ಕೇಳುವ ಕೆಲಸ ಯಾರದು? ಮುಸ್ಲಿಮರು ಹೆಚ್ಚಿರುವ ಊರು ಕೇರಿಗಳಲ್ಲಿ ವೈದ್ಯಕೀಯ ಸೌಲಭ್ಯದಂತಹ ಮೂಲ ಸೌಕರ್ಯಗಳ ಕೊರತೆಯನ್ನು ಸಾಚಾರ್ ಸಮಿತಿ 2006ರಲ್ಲೇ ದಾಖಲಿಸಿತ್ತು. ಆ ವರದಿಯಿಂದ ನಾವು ಮೀಸಲಾತಿಯ ಪುಟಗಳನ್ನು ಓದಿದೆವು, ಆಸ್ಪತ್ರೆಯ ಪುಟವನ್ನು ಮಡಚಿಟ್ಟೆವು. ಸಮುದಾಯದವರು ನಡೆಸುವ ಆಸ್ಪತ್ರೆಗಳ ಗೋಡೆಯ ಮೇಲೂ ರೋಗಿಗಳ ಹಕ್ಕುಗಳ ಸನ್ನದು, ದರಪಟ್ಟಿ ಕಾಣುವಂತಿವೆಯೇ ಎಂದು ಮೊದಲು ನಮ್ಮನ್ನೇ ಕೇಳಿಕೊಳ್ಳಬೇಕು.

ಹಕ್ಕಿನ ದಾರಿ ಸುಲಭವಲ್ಲ. 2023ರ ಮಾರ್ಚ್ 21ರಂದು ರಾಜಸ್ಥಾನದ ವಿಧಾನಸಭೆ ಆರೋಗ್ಯದ ಹಕ್ಕಿನ ವಿಧೇಯಕವನ್ನು ಅಂಗೀಕರಿಸಿತು. ದೇಶದಲ್ಲಿ ಅದೇ ಮೊದಲು. ಮುಂಗಡ ಹಣ ಕೇಳದೆ ತುರ್ತು ಚಿಕಿತ್ಸೆ ಕೊಡಬೇಕೆಂಬುದು ಅದರ ತಿರುಳು. ಅಲ್ಲೂ ವೈದ್ಯರು ಬೀದಿಗಿಳಿದರು. ಏಪ್ರಿಲ್ 4ರ ಒಪ್ಪಂದದಲ್ಲಿ, ಸರ್ಕಾರದಿಂದ ಜಮೀನು ಅಥವಾ ರಿಯಾಯಿತಿ ಪಡೆಯದ ಖಾಸಗಿ ಆಸ್ಪತ್ರೆಗಳನ್ನು ಹೊರಗಿಡಲಾಯಿತು. ಬೆಳಗಾವಿಯ ಕಥೆಯೇ ಜೈಪುರದಲ್ಲಿ ಮರುಕಳಿಸಿತು. ಎರಡೂ ಕಡೆ ಕಾನೂನಿನ ಹಿಂದೆ ಸರ್ಕಾರವಿತ್ತು, ಎದುರಿಗೆ ಸಂಘಟಿತರಾದವರಿದ್ದರು. ಪರವಾಗಿ ಬೀದಿಯಲ್ಲಿ ನಿಲ್ಲಬೇಕಾಗಿದ್ದ ಜನ ಸಮೂಹ ದೊಡ್ಡ ಸಂಖ್ಯೆಯಲ್ಲಿ ಕಾಣಲಿಲ್ಲ. ಕೇಳುವವರಿಲ್ಲದ ಹಕ್ಕನ್ನು ಯಾವ ಸದನವೂ ಕಾಯಲಾರದು.

ಆದುದರಿಂದ ನಮ್ಮ ವಿಮರ್ಶೆ ಶಾಸಕರಲ್ಲಿಗೆ ನಿಲ್ಲುವುದಿಲ್ಲ. ಸದನದ ಭಾಷೆ ಊರಿನ ಭಾಷೆಯಿಂದಲೇ ಹುಟ್ಟುತ್ತದೆ. ಶಾಸಕರ ಮನೆಯ ಮುಂದೆ ಬೆಳಗ್ಗೆ ನಿಂತು, ನಮ್ಮವರಿಗೊಂದು ಹಾಸಿಗೆ ಕೊಡಿಸಿ, ಬಿಲ್ಲಿನಲ್ಲಿ ಸ್ವಲ್ಪ ಕಡಿಮೆ ಮಾಡಿಸಿ, ಒಂದು ಶಿಫಾರಸು ಪತ್ರ ಕೊಡಿ ಎಂದು ಕೈಮುಗಿಯುವುದನ್ನೇ ನಾವು ರಾಜಕೀಯವೆಂದು ತಿಳಿದಿದ್ದೇವೆ. ಪತ್ರ ಕೊಟ್ಟ ಶಾಸಕರು ದೊಡ್ಡ ಮನಸ್ಸಿನವರಾಗುತ್ತಾರೆ, ಪಡೆದವರು ಜೀವನಪೂರ್ತಿ ಋಣಿಗಳಾಗುತ್ತಾರೆ, ಆಸ್ಪತ್ರೆ ಇದ್ದ ಹಾಗೆಯೇ ಇರುತ್ತದೆ. ಮುಂದಿನ ಬಾರಿ ಶಾಸಕರು ಊರಿಗೆ ಬಂದಾಗ, ಪತ್ರದ ಬದಲು ಒಂದು ಪ್ರಶ್ನೆಯನ್ನು ಅವರ ಮುಂದಿಡೋಣ: ನಮ್ಮ ತಾಲೂಕು ಆಸ್ಪತ್ರೆಯಲ್ಲಿ ಮಂಜೂರಾದ ಹುದ್ದೆಗಳೆಷ್ಟು, ಭರ್ತಿಯಾದವು ಎಷ್ಟು, ಉಳಿದವುಗಳ ಬಗ್ಗೆ ತಾವು ಸದನದಲ್ಲಿ ಎಷ್ಟು ಬಾರಿ ಕೇಳಿದ್ದೀರಿ?